ಹಣೆಬರಹದ ಭಯವನ್ನು ಗೆದ್ದ ಸಂತ

ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಒಂದು ಮಾತಿದೆ. ಅದೇ ಹಣೆಬರಹ. ಬೆಳೆ ಕೈಕೊಟ್ಟರೆ ಹಣೆಬರಹ, ಮಗಳ ಮದುವೆ ಮುರಿದುಬಿದ್ದರೆ ಹಣೆಬರಹ, ಮಗ ಕುಡಿತ ಕಲಿತರೆ ಅದೂ ಹಣೆಬರಹ. ದೀಕ್ಷಾಸ್ನಾನ ಪಡೆದು ಪ್ರತಿ ಭಾನುವಾರ ಬಲಿಪೂಜೆಗೆ ಬರುವ ನಾವೂ ಈ ಮಾತನ್ನು ಸಲೀಸಾಗಿ ಆಡುತ್ತೇವೆ. ಬಾಯಿಮಾತಿಗೆ ಆಡಿದರೆ ಅಷ್ಟೇನೂ ಕೇಡಿಲ್ಲ. ಆದರೆ ಇದೇ ಮಾತು ಆತ್ಮದ ವಿಷಯಕ್ಕೆ ತಿರುಗಿದರೆ ಏನಾಗುತ್ತದೆ? ನಾನು ರಕ್ಷಣೆ ಹೊಂದುವೆನೋ ಇಲ್ಲವೋ ಎಂಬುದನ್ನು ದೇವರು ನಾನು ಹುಟ್ಟುವ ಮೊದಲೇ ಬರೆದಿಟ್ಟಿದ್ದಾರೆಯೇ? ಬರೆದಿಟ್ಟಿದ್ದರೆ ನನ್ನ ಜಪತಪಗಳಿಂದ ಏನು ಪ್ರಯೋಜನ?

ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವ ಗುರುಗಳಿಗೆಲ್ಲ ಈ ಪ್ರಶ್ನೆಯ ಪರಿಚಯವಿದೆ. ಜೀವಮಾನವಿಡೀ ಜಪಸರ ಹಿಡಿದ ಕೈಗಳು ಕೊನೆಯ ದಿನಗಳಲ್ಲಿ ನಡುಗುತ್ತವೆ. ದೇವರು ನನ್ನನ್ನು ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಅಂಜಿಕೆ ಒಳ್ಳೆಯವರನ್ನೇ ಹೆಚ್ಚಾಗಿ ಕಾಡುತ್ತದೆ. ಇದೇ ಅಂಜಿಕೆಯಲ್ಲಿ ಬೆಂದು, ಅದರಿಂದ ಹೊರಬಂದು, ಮುಂದೆ ಅದೇ ಪ್ರಶ್ನೆಯ ತವರೂರಿಗೇ ಧರ್ಮಾಧ್ಯಕ್ಷರಾದ ಒಬ್ಬ ಸಂತರ ಜೀವನವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅವರೇ ಸಂತ ಫ್ರಾನ್ಸಿಸ್ ದ ಸಾಲೆಸ್.

ಶ್ರೀಮಂತ ಮನೆಯ ಹಿರಿಮಗ

ಇಂದಿನ ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿ, ಆಲ್ಪ್ಸ್ ಪರ್ವತಗಳ ಮಡಿಲಲ್ಲಿ ಸವೋಯ್ ಎಂಬ ಪ್ರಾಂತ್ಯವಿದೆ. ಆಗ ಅದು ಡ್ಯೂಕ್ ಪ್ರಭುಗಳು ಆಳುತ್ತಿದ್ದ ಸ್ವತಂತ್ರ ರಾಜ್ಯ. ಅಲ್ಲಿನ ತೋರೆನ್ಸ್ ಎಂಬ ಊರಿನ ಬಳಿಯ ಸಾಲೆಸ್ ಕೋಟೆಮನೆಯಲ್ಲಿ 1567ರ ಆಗಸ್ಟ್ 21ರಂದು ಫ್ರಾನ್ಸಿಸ್ ಹುಟ್ಟಿದ. ತಂದೆ ಬ್ವಾಸಿಯ ಪ್ರಭು, ತಾಯಿ ಫ್ರಾನ್ಸ್ವಾಸ್. ಇವನೇ ಹಿರಿಮಗ. ಹಿರಿಮಗನ ಮೇಲೆ ತಂದೆಗೆ ಎಷ್ಟು ಆಸೆಗಳಿರುತ್ತವೆ ಎಂಬುದನ್ನು ನಿಮಗೆ ಹೇಳಬೇಕಿಲ್ಲ. ಮಗ ದೊಡ್ಡ ವಕೀಲನಾಗಬೇಕು, ರಾಜ್ಯದ ಮಂತ್ರಾಲೋಚನೆಯಲ್ಲಿ ಕುಳಿತುಕೊಳ್ಳಬೇಕು, ಒಳ್ಳೆಯ ಮನೆತನದ ಹೆಣ್ಣನ್ನು ತರಬೇಕು. ಇದು ಅಪ್ಪನ ಲೆಕ್ಕ.

ಮಗನನ್ನು ಓದಲು ಪ್ಯಾರಿಸ್‌ಗೆ ಕಳುಹಿಸಲಾಯಿತು. ದೊಡ್ಡ ಮನೆತನದ ಹುಡುಗರು ಹೋಗುತ್ತಿದ್ದ ಕಾಲೇಜಿಗೆ ಸೇರಿಸಬೇಕೆಂದು ತಂದೆ ಎಣಿಸಿದ್ದರು. ಹುಡುಗ ತಾಯಿಯನ್ನು ಮುಂದಿಟ್ಟುಕೊಂಡು ತಂದೆಯ ಮನವೊಲಿಸಿ, ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಕ್ಲೆರ್ಮೊಂ ಕಾಲೇಜಿಗೆ ಸೇರಿದ. ಕತ್ತಿವರಸೆ, ಕುದುರೆ ಸವಾರಿ, ನೃತ್ಯ ಎಲ್ಲವನ್ನೂ ಕಲಿತ, ಅದು ಅಪ್ಪನಿಗಾಗಿ. ದೈವಶಾಸ್ತ್ರವನ್ನೂ ಓದತೊಡಗಿದ, ಅದು ತನಗಾಗಿ. ತೊಂದರೆ ಆರಂಭವಾದದ್ದು ಅಲ್ಲಿಯೇ.

ಜಿನೀವಾದ ಬೋಧನೆ

ಆ ತೊಂದರೆ ಏನೆಂದು ತಿಳಿಯಬೇಕಾದರೆ ನೀವು ನನ್ನೊಡನೆ ಸ್ವಲ್ಪ ಹಿಂದಕ್ಕೆ ಬರಬೇಕು. ಫ್ರಾನ್ಸಿಸ್ ಹುಟ್ಟುವುದಕ್ಕೆ ಮೂರು ವರ್ಷ ಮೊದಲು, 1564ರಲ್ಲಿ, ಜಾನ್ ಕ್ಯಾಲ್ವಿನ್ ಜಿನೀವಾ ನಗರದಲ್ಲಿ ತೀರಿಕೊಂಡಿದ್ದರು. 1509ರಲ್ಲಿ ಫ್ರಾನ್ಸಿನ ನ್ವಾಯೊಂ ಎಂಬ ಊರಿನಲ್ಲಿ ಹುಟ್ಟಿದ ಈ ಮೇಧಾವಿ, ಕಾನೂನು ಓದಿದವರು. 1536ರಲ್ಲಿ ಕ್ರೈಸ್ತ ಧರ್ಮದ ತತ್ತ್ವಗಳ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ಅದನ್ನು ಹಿಗ್ಗಿಸುತ್ತಾ ಹೋಗಿ 1559ರಲ್ಲಿ ಅಂತಿಮ ರೂಪ ಕೊಟ್ಟರು. ದೇವರ ಆಯ್ಕೆಯ ಬಗ್ಗೆ ಆ ಗ್ರಂಥದಲ್ಲಿ ಅವರು ಹೇಳಿದ್ದನ್ನು ಹೀಗೆ ಸಂಗ್ರಹಿಸಬಹುದು. ಆದಾಮನ ಪಾಪದಿಂದ ಮಾನವಕುಲವೆಲ್ಲ ಕೆಟ್ಟುಹೋಗಿದೆ. ತನ್ನ ಬಲದಿಂದ ಯಾರೂ ಏಳಲಾರರು. ದೇವರು ಅನಾದಿಯಲ್ಲೇ ಮಾಡಿದ ತೀರ್ಮಾನದಂತೆ ಕೆಲವರನ್ನು ನಿತ್ಯಜೀವಕ್ಕೆ ಆರಿಸಿಕೊಂಡಿದ್ದಾರೆ, ಇನ್ನುಳಿದವರನ್ನು ನಿತ್ಯದಂಡನೆಗೆ ಬಿಟ್ಟಿದ್ದಾರೆ. ಈ ಆಯ್ಕೆಗೆ ಮನುಷ್ಯನ ಒಳ್ಳೆಯತನ ಕಾರಣವಲ್ಲ, ದೇವರ ಚಿತ್ತವೇ ಕಾರಣ.

ಇದನ್ನು ಕೇಳಿದೊಡನೆ ಎಂಥ ಕಠೋರ ಬೋಧನೆ ಎಂದು ನೀವು ಉದ್ಗರಿಸಬಹುದು. ಆದರೆ ನ್ಯಾಯ ಮಾತಾಡಬೇಕು. ಕ್ಯಾಲ್ವಿನ್ ಇದನ್ನು ಜನರನ್ನು ಹೆದರಿಸಲೆಂದು ಬೋಧಿಸಲಿಲ್ಲ. ರಕ್ಷಣೆ ನನ್ನ ಚಂಚಲ ಮನಸ್ಸಿನ ಮೇಲೆ ನಿಂತಿಲ್ಲ, ದೇವರ ಅಚಲ ನಿರ್ಧಾರದ ಮೇಲೆ ನಿಂತಿದೆ ಎಂಬುದು ಅವರ ಅನುಯಾಯಿಗಳಿಗೆ ದೊಡ್ಡ ನೆಮ್ಮದಿ. ಅಂದು ಫ್ರಾನ್ಸಿನಲ್ಲಿ ಸೆರೆವಾಸವನ್ನೂ ಸಾವನ್ನೂ ಎದುರಿಸುತ್ತಿದ್ದ ಜನರಿಗೆ ಅದು ಊರುಗೋಲಾಗಿತ್ತು.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಸರಿಪಡಿಸಿಬಿಡೋಣ. ಎಲ್ಲವೂ ಮೊದಲೇ ನಿಶ್ಚಯವಾಗಿದ್ದರೆ ಕ್ಯಾಲ್ವಿನರ ಕಡೆಯವರು ಧರ್ಮಪ್ರಚಾರವನ್ನೇ ಮಾಡುವುದಿಲ್ಲ ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಅದು ನಿಜವಲ್ಲ. ಆರಿಸಲ್ಪಟ್ಟವರು ಯಾರೆಂದು ದೇವರೊಬ್ಬರೇ ಬಲ್ಲರು, ಬೋಧಕನಿಗೆ ಆ ಪಟ್ಟಿ ತಿಳಿಯದು, ಆದ್ದರಿಂದ ಅವನು ಎಲ್ಲರಿಗೂ ಸಾರಬೇಕು, ಆ ಸಾರುವಿಕೆಯ ಮೂಲಕವೇ ದೇವರು ತಮ್ಮವರನ್ನು ಕರೆಯುತ್ತಾರೆ ಎಂಬುದು ಅವರ ವಾದ. 1555ರಿಂದ 1562ರ ನಡುವೆ ಜಿನೀವಾ ನಗರ ಎಂಬತ್ತಕ್ಕೂ ಹೆಚ್ಚು ಬೋಧಕರನ್ನು ಪ್ರಾಣಾಪಾಯವಿದ್ದ ಕಡೆಗೆ, ಮುಖ್ಯವಾಗಿ ಫ್ರಾನ್ಸಿಗೆ, ಕಳುಹಿಸಿತು. 1556ರಲ್ಲಿ ಇಬ್ಬರನ್ನು ಸಮುದ್ರದಾಚೆಯ ಬ್ರೆಜಿಲ್‌ಗೂ ಕಳುಹಿಸಿತು. 1793ರಲ್ಲಿ ಬಂಗಾಳಕ್ಕೆ ಬಂದು ಬೈಬಲನ್ನು ಭಾರತದ ಭಾಷೆಗಳಿಗೆ ತರಲು ಬಾಳು ಸವೆಸಿದ ವಿಲಿಯಂ ಕೇರಿ ಕೂಡ ದೇವರ ಆಯ್ಕೆಯನ್ನು ನಂಬಿದ ಕ್ಯಾಲ್ವಿನ್ ಪರಂಪರೆಯ ಬ್ಯಾಪ್ಟಿಸ್ಟರೇ. ಆದ್ದರಿಂದ ಅವರ ಉತ್ಸಾಹದ ಬಗ್ಗೆ ನಮಗೆ ತಕರಾರಿಲ್ಲ. ಇರುವ ಪ್ರಶ್ನೆ ಒಂದೇ. ಆ ಪಟ್ಟಿಯಲ್ಲಿ ನನ್ನ ಹೆಸರಿಲ್ಲದಿದ್ದರೆ?

ಆರು ವಾರಗಳ ಕತ್ತಲೆ

ಈ ಒಂದು ಪ್ರಶ್ನೆ 1586ರ ಡಿಸೆಂಬರ್ ತಿಂಗಳಲ್ಲಿ ಹತ್ತೊಂಬತ್ತರ ಯುವಕ ಫ್ರಾನ್ಸಿಸನ ಎದೆಗೆ ನಾಟಿತು. ಪ್ಯಾರಿಸ್ಸಿನಲ್ಲಿ ಆಗ ಈ ವಿಷಯವನ್ನು ಕುರಿತು ಎಲ್ಲ ಕಡೆಯೂ ಚರ್ಚೆ. ಪ್ರೊಟೆಸ್ಟಂಟರು ಮಾತ್ರವಲ್ಲ, ಕಥೋಲಿಕ ಪಂಡಿತರೂ ಸಂತ ಅಗಸ್ಟಿನ್ ಮತ್ತು ಸಂತ ತೋಮಸ್ ಅಕ್ವಿನಾಸರ ಬರಹಗಳನ್ನು ಹಿಡಿದು ವಾದಿಸುತ್ತಿದ್ದರು. ಆ ಮಹಾನುಭಾವರ ಕೆಲವು ವಾಕ್ಯಗಳನ್ನು ಓದಿದರೆ, ಅವರೂ ದೇವರ ಆಯ್ಕೆ ಮನುಷ್ಯನ ಪುಣ್ಯಕ್ಕಿಂತ ಮೊದಲಿನದೆಂದೇ ಹೇಳುವಂತೆ ಕಾಣುತ್ತದೆ. ಹಾಗಾದರೆ ನಾನು ಎಷ್ಟು ಪ್ರಾರ್ಥಿಸಿದರೂ, ಎಷ್ಟು ಪರಿಶುದ್ಧನಾಗಿ ಬಾಳಿದರೂ, ಕೊನೆಗೆ ತಿರಸ್ಕೃತರ ಸಾಲಿಗೆ ಸೇರಿದವನೇ ಆಗಿರಬಹುದಲ್ಲವೇ?

ನಮ್ಮಲ್ಲಿ ಹಲವರು ಇಂಥ ಪ್ರಶ್ನೆ ಬಂದರೆ ಮುಂದೂಡಿಬಿಡುತ್ತೇವೆ. ಆ ಯುವಕನಿಗೆ ಅದು ಸಾಧ್ಯವಾಗಲಿಲ್ಲ. ಅವನಿಗೆ ನರಕದ ಬೆಂಕಿಗಿಂತ ಹೆಚ್ಚು ಅಂಜಿಕೆ ಹುಟ್ಟಿಸಿದ್ದು ಬೇರೊಂದು. ನರಕದಲ್ಲಿ ದೇವರನ್ನು ಪ್ರೀತಿಸಲು ಆಗುವುದಿಲ್ಲವಲ್ಲ, ತಾನು ಇಷ್ಟು ಪ್ರೀತಿಸುವ ದೇವರನ್ನು ಎಂದೆಂದಿಗೂ ದ್ವೇಷಿಸುವವರ ನಡುವೆ ಇರಬೇಕಾಗುತ್ತದಲ್ಲ ಎಂಬ ಸಂಕಟ ಅದು. ಊಟ ಸೇರದು, ನಿದ್ದೆ ಹತ್ತದು. ಮುಖ ಬಾಡಿ ಹಳದಿಗಟ್ಟಿತು. ಸುಮಾರು ಆರು ವಾರಗಳ ಕಾಲ ಹೀಗೆಯೇ ಸಾಗಿತು. ಅವನನ್ನು ನೋಡಿಕೊಳ್ಳಲು ಮನೆಯಿಂದ ಜೊತೆಗೆ ಬಂದಿದ್ದ ಗುರುಗಳಿಗೂ ಏನು ಮಾಡಬೇಕೆಂದು ತೋಚಲಿಲ್ಲ.

1587ರ ಜನವರಿಯ ಒಂದು ದಿನ ಕಾಲೇಜಿನಿಂದ ಬರುತ್ತಾ ಅವನು ಸಂತ ಸ್ತೇಫನರ ಹೆಸರಿನ ಪುಟ್ಟ ದೇವಾಲಯವೊಂದನ್ನು ಹೊಕ್ಕ. ಅಲ್ಲಿ ಮಾತೆ ಮರಿಯಳ ಕಪ್ಪುಬಣ್ಣದ ಸ್ವರೂಪವಿತ್ತು. ಜನರು ಆಕೆಯನ್ನು ಬಿಡುಗಡೆಯ ಮಾತೆ ಎಂದು ಕರೆಯುತ್ತಿದ್ದರು. ಫ್ರಾನ್ಸಿಸ್ ಆಕೆಯ ಪಾದದ ಬಳಿ ಮೊಣಕಾಲೂರಿದ. ಅಲ್ಲಿ ಅವನು ಪ್ರಾರ್ಥಿಸಿದ್ದರ ಸಾರ ಇಷ್ಟು. ದೇವರೇ, ನಿಮ್ಮ ನ್ಯಾಯತೀರ್ಪು ಏನೇ ಇರಲಿ, ಮುಂದಿನ ಲೋಕದಲ್ಲಿ ನಿಮ್ಮನ್ನು ಪ್ರೀತಿಸುವ ಭಾಗ್ಯ ನನಗಿಲ್ಲದಿದ್ದರೂ ಇರಲಿ, ಈ ಲೋಕದಲ್ಲಿ ಉಸಿರಿರುವ ತನಕವಾದರೂ ನಾನು ನಿಮ್ಮನ್ನು ಪ್ರೀತಿಸುತ್ತೇನೆ, ನಿಮ್ಮ ಕರುಣೆಯಲ್ಲಿ ಭರವಸೆ ಇಡುತ್ತೇನೆ. ಬಳಿಕ ಅಲ್ಲಿ ಹಲಗೆಯೊಂದರ ಮೇಲೆ ಬರೆದಿದ್ದ, ದಯಾಪೂರ್ಣ ಮರಿಯ ಮಾತೆಯನ್ನು ಸ್ಮರಿಸುವ ಪ್ರಾರ್ಥನೆಯನ್ನು ಹೇಳಿದ. ನಮ್ಮ ಅಜ್ಜಿಯಂದಿರಿಗೆ ಬಾಯಿಪಾಠವಾಗಿದ್ದ ಪ್ರಾರ್ಥನೆಯೇ ಅದು. ಎದ್ದು ನಿಂತಾಗ ಮೈಮೇಲಿನ ಒಣಗಿದ ಹೊಪ್ಪಳೆ ಕಳಚಿ ಬಿದ್ದಂತೆ ಭಯವೆಲ್ಲ ಕಳಚಿಬಿದ್ದಿತ್ತು.

ಆ ದೇವಾಲಯ ಈಗ ಇಲ್ಲ, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಅಳಿದುಹೋಯಿತು. ಆ ಮಾತೆಯ ಸ್ವರೂಪ ಮಾತ್ರ ಪ್ಯಾರಿಸ್ ಬಳಿಯ ನ್ಯೂಯಿ ಎಂಬಲ್ಲಿ ಕನ್ಯಾಸ್ತ್ರೀಯರ ಮಠವೊಂದರಲ್ಲಿ ಉಳಿದುಬಂದಿದೆ.

ಇಲ್ಲಿ ನಡೆದದ್ದೇನು ಎಂಬುದನ್ನು ನೀವು ಗಮನಿಸಬೇಕು. ಪಟ್ಟಿಯಲ್ಲಿ ನಿನ್ನ ಹೆಸರಿದೆ ಎಂದು ದೇವದೂತನೊಬ್ಬ ಬಂದು ಹೇಳಲಿಲ್ಲ. ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಆದರೆ ಪ್ರಶ್ನೆಯೇ ಬದಲಾಯಿತು. ನನಗೇನು ಸಿಗುತ್ತದೆ ಎಂಬುದನ್ನು ಬಿಟ್ಟು, ನಾನು ದೇವರಿಗೆ ಏನು ಕೊಡುತ್ತೇನೆ ಎಂದು ಅವನು ಕೇಳಿಕೊಂಡ. ಹಾಗೆ ಕೇಳುವ ಹೃದಯದಲ್ಲಿ ದೇವರು ಆಗಲೇ ಬಂದು ನೆಲೆಸಿದ್ದರು. ತನ್ನನ್ನು ಹೀಗೆ ಪ್ರೀತಿಸುವ ಮಗುವನ್ನು ದೂಡಿಬಿಡುವ ತಂದೆ ಅವರಲ್ಲ.

ಪುಸ್ತಕದಲ್ಲಿಯೂ ಉತ್ತರ

ಭಾವನೆಯ ಬಿಡುಗಡೆ ಬೇರೆ, ಬುದ್ಧಿಯ ಸಮಾಧಾನ ಬೇರೆ. ಫ್ರಾನ್ಸಿಸ್ ಎರಡನ್ನೂ ಬಯಸಿದ. 1588ರಲ್ಲಿ ತಂದೆ ಅವನನ್ನು ಕಾನೂನು ಓದಲು ಇಟಲಿಯ ಪಾದುವಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ಕಾನೂನಿನ ಜೊತೆಗೆ ದೈವಶಾಸ್ತ್ರವನ್ನೂ ಓದುತ್ತಾ, ಯೇಸುಸಭೆಯ ಅಂತೋನಿಯೊ ಪೊಸ್ಸೆವಿನೊ ಎಂಬ ಗುರುಗಳ ಮಾರ್ಗದರ್ಶನ ಪಡೆದ. ಅಗಸ್ಟಿನ್ ಮತ್ತು ತೋಮಸರನ್ನು ಮತ್ತೆ ತೆರೆದು, ಅವರ ಪಾದಕ್ಕೆ ಬಿದ್ದವನಂತೆ ವಿನಯದಿಂದಲೇ, ಈ ಒಂದು ವಿಷಯದಲ್ಲಿ ಅವರ ಮಾತಿಗೆ ಪಂಡಿತರು ಕೊಡುತ್ತಿದ್ದ ಕಠಿಣ ಅರ್ಥವನ್ನು ತಾನು ಒಪ್ಪಲಾರೆ ಎಂದು ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟ. ಪಾದುವಾದಲ್ಲಿ ಒಮ್ಮೆ ಜ್ವರ ಬಂದು ಸಾಯುವ ಸ್ಥಿತಿ ತಲುಪಿದ. ಆಗ ತನ್ನ ದೇಹವನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕೊಟ್ಟುಬಿಡಿ ಎಂದನಂತೆ. ಶವಗಳಿಗಾಗಿ ವಿದ್ಯಾರ್ಥಿಗಳು ಗೋರಿ ಅಗೆದು ಜಗಳ ಕಾಯುತ್ತಿದ್ದ ಕಾಲ ಅದು. ನಾಲ್ಕು ವರ್ಷಗಳ ಹಿಂದೆ ನರಕಕ್ಕೆ ಅಂಜಿ ನಡುಗಿದ್ದ ಹುಡುಗ ಈಗ ಸಾವಿನೆದುರು ಎಷ್ಟು ಹಗುರಾಗಿದ್ದ ನೋಡಿ!

ನಮ್ಮ ಧರ್ಮಸಭೆ ಈ ವಿಷಯದಲ್ಲಿ ಏನು ಹೇಳುತ್ತದೆ? ಎಲ್ಲರೂ ರಕ್ಷಣೆ ಹೊಂದಬೇಕು, ಸತ್ಯವನ್ನು ಅರಿಯಬೇಕು ಎಂಬುದೇ ದೇವರ ಇಚ್ಛೆ ಎಂದು ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯದಲ್ಲಿ ತಿಳಿಸಿದ್ದಾರೆ. ದೇವರ ಕೃಪೆಯೇ ಮೊದಲು ಬರುತ್ತದೆ, ಅದಿಲ್ಲದೆ ನಾವು ಒಂದು ಹೆಜ್ಜೆಯನ್ನೂ ಇಡಲಾರೆವು. ಇದರಲ್ಲಿ ನಮಗೂ ಕ್ಯಾಲ್ವಿನರಿಗೂ ಭೇದವಿಲ್ಲ. ಆದರೆ ಕೃಪೆ ನಮ್ಮನ್ನು ಕೈಹಿಡಿದು ಎಬ್ಬಿಸುವಾಗ ಏಳಲು ಒಪ್ಪುವ, ಒಪ್ಪದಿರುವ ಸ್ವಾತಂತ್ರ್ಯ ನಮಗಿದೆ. 1547ರಲ್ಲಿ ತ್ರೆಂತ್ ಮಹಾಸಭೆ ಇದನ್ನೇ ಸ್ಪಷ್ಟಪಡಿಸಿತು. ದೇವರು ಯಾರನ್ನೂ ಕೇಡಿಗೆಂದು ನೇಮಿಸಿಲ್ಲ ಎಂದಿತು. ಅದೇ ಉಸಿರಿನಲ್ಲಿ, ವಿಶೇಷ ದರ್ಶನವಿಲ್ಲದೆ ಯಾರೂ ತಾನು ಖಂಡಿತವಾಗಿ ಆರಿಸಲ್ಪಟ್ಟವನೆಂದು ಹೇಳಿಕೊಳ್ಳಬಾರದು ಎಂದೂ ಎಚ್ಚರಿಸಿತು. ಒಂದು ಕಡೆ ಹತಾಶೆ ಬೇಡ, ಇನ್ನೊಂದು ಕಡೆ ಉದ್ಧಟತನವೂ ಬೇಡ. ಇವೆರಡರ ನಡುವಿನ ದಾರಿಗೆ ಭರವಸೆ ಎಂದು ಹೆಸರು.

ಅಪ್ಪನ ಮುನಿಸು

1591ರಲ್ಲಿ ಡಾಕ್ಟರ್ ಪದವಿ ಪಡೆದು ಊರಿಗೆ ಬಂದ ಮಗನಿಗಾಗಿ ತಂದೆ ಎಲ್ಲವನ್ನೂ ಸಿದ್ಧಮಾಡಿಟ್ಟಿದ್ದರು. ವಕೀಲಿ ಆಯಿತು, ಹೆಣ್ಣೂ ಗೊತ್ತಾಗಿತ್ತು. ಮಗ ಗುರುವಾಗುತ್ತೇನೆ ಎಂದಾಗ ಆ ಮುದುಕರ ಎದೆ ಒಡೆಯಿತು. ಮಗನ ಬಂಧುವೊಬ್ಬರು ಅವನಿಗೆ ಜಿನೀವಾ ಧರ್ಮಪ್ರಾಂತ್ಯದ ಗುರುಮಂಡಳಿಯ ಮುಖ್ಯಸ್ಥನ ಸ್ಥಾನವನ್ನು ತಂದೆಗೆ ತಿಳಿಯದಂತೆ ರೋಮಿನಿಂದ ಕೊಡಿಸಿದ್ದರಿಂದ, ಗೌರವದ ಆ ಹುದ್ದೆಯನ್ನು ನೋಡಿ ಅವರು ಹೇಗೋ ಒಪ್ಪಿಕೊಂಡರು. 1593ರ ಡಿಸೆಂಬರ್ 18ರಂದು ಫ್ರಾನ್ಸಿಸರಿಗೆ ಗುರುದೀಕ್ಷೆಯಾಯಿತು.

ಜಿನೀವಾ ಧರ್ಮಪ್ರಾಂತ್ಯ ಎಂದೆನಲ್ಲ, ಹೆಸರಷ್ಟೇ ಜಿನೀವಾ. ಆ ನಗರ ಪ್ರೊಟೆಸ್ಟಂಟ್ ಆದಾಗ ಕಥೋಲಿಕ ಧರ್ಮಾಧ್ಯಕ್ಷರಿಗೆ ಅಲ್ಲಿ ನೆಲೆ ತಪ್ಪಿ, ಅವರು ಆನ್ಸಿ ಎಂಬ ಊರಿನಲ್ಲಿ ಇರಬೇಕಾಗಿತ್ತು. ಜಿನೀವಾ ಸರೋವರದ ದಕ್ಷಿಣ ದಂಡೆಯ ಶಾಬ್ಲೆ ಎಂಬ ಪ್ರದೇಶವನ್ನು 1536ರಲ್ಲಿ ಬರ್ನ್ ನಗರದವರು ಗೆದ್ದು ಅಲ್ಲಿ ಪ್ರೊಟೆಸ್ಟಂಟ್ ಧರ್ಮ ಸ್ಥಾಪಿಸಿದ್ದರು. 1564ರ ಒಪ್ಪಂದದಿಂದ ನೆಲ ಸವೋಯ್ ರಾಜ್ಯಕ್ಕೆ ಮರಳಿತು, ಆದರೆ ಜನರ ಧರ್ಮ ಮರಳಲಿಲ್ಲ. ಎರಡು ತಲೆಮಾರು ಕಳೆದಿತ್ತು. ಬಲಿಪೂಜೆ ಎಂದರೇನೆಂದು ನೋಡಿದವರೇ ಅಲ್ಲಿ ವಿರಳ. ಅಲ್ಲಿಗೆ ಯಾರು ಹೋಗುತ್ತೀರಿ ಎಂದು ಧರ್ಮಾಧ್ಯಕ್ಷ ಗ್ರಾನಿಯೆ ಅವರು ಗುರುಗಳ ಸಭೆಯಲ್ಲಿ ಕೇಳಿದಾಗ ಫ್ರಾನ್ಸಿಸ್ ಎದ್ದು ನಿಂತರು. ತಂದೆ ಮತ್ತೆ ಮುನಿದರು, ಹಣ ಕೊಡಲೂ ನಿರಾಕರಿಸಿದರು. 1594ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಹಬ್ಬದ ದಿನ, ಫ್ರಾನ್ಸಿಸ್ ತಮ್ಮ ದಾಯಾದಿ ಸಹೋದರ ಲೂಯಿ ಅವರೊಡನೆ ಶಾಬ್ಲೆಯ ಗಡಿ ದಾಟಿದರು.

ಬಾಗಿಲ ಸಂದಿಯ ಬೋಧಕ

ಗುಡ್ಡದ ಮೇಲಿನ ಅಲ್ಲೆಂಜ್ ಕೋಟೆಯಲ್ಲಿ ರಾತ್ರಿಯ ವಾಸ. ಬೆಳಗಾದರೆ ಕೆಲವು ಮೈಲಿ ನಡೆದು ತೊನೊಂ ಎಂಬ ಮುಖ್ಯ ಪಟ್ಟಣಕ್ಕೆ ಇಳಿಯುವುದು, ಬೋಧಿಸುವುದು, ಕತ್ತಲಾಗುವ ಮೊದಲು ಮತ್ತೆ ಗುಡ್ಡ ಹತ್ತುವುದು. ಇಡೀ ಪಟ್ಟಣದಲ್ಲಿ ಬೆರಳೆಣಿಕೆಯಷ್ಟು ಕಥೋಲಿಕರು. ಉಳಿದವರಿಗೆ ಅವರ ಬೋಧನೆ ಕೇಳಬಾರದೆಂದು ಹಿರಿಯರ ಕಟ್ಟಪ್ಪಣೆ. ಚಳಿಗಾಲದಲ್ಲಿ ತೋಳಗಳ ಕಾಟಕ್ಕೆ ಮರವೇರಿ, ನಿದ್ದೆಗಣ್ಣಲ್ಲಿ ಬೀಳದಂತೆ ಸೊಂಟದ ಪಟ್ಟಿಯಿಂದ ಕೊಂಬೆಗೆ ಕಟ್ಟಿಕೊಂಡು ಒಂದು ರಾತ್ರಿ ಕಳೆದರೆಂದೂ, ಸೇತುವೆ ಮುರಿದ ನದಿಯನ್ನು ಹಿಮಗಟ್ಟಿದ ಹಲಗೆಯ ಮೇಲೆ ತೆವಳುತ್ತಾ ದಾಟಿ ಬಲಿಪೂಜೆಗೆ ಹೋಗುತ್ತಿದ್ದರೆಂದೂ ಅವರ ಚರಿತ್ರೆ ಬರೆದವರು ಹೇಳುತ್ತಾರೆ.

ತಿಂಗಳುಗಳು ಉರುಳಿದರೂ ಕೇಳುವವರಿಲ್ಲ. ಖಾಲಿ ಬೆಂಚುಗಳಿಗೆ ಬೋಧಿಸಿದ ಅನುಭವವಿರುವ ಗುರುಗಳಿಗೆ ಆ ಸಂಕಟ ಗೊತ್ತು. ಆಗ ಅವರಿಗೊಂದು ಉಪಾಯ ಹೊಳೆಯಿತು. ಜನರು ದೇವಾಲಯಕ್ಕೆ ಬಾರದಿದ್ದರೆ ಬೋಧನೆಯೇ ಅವರ ಮನೆಗೆ ಹೋಗಲಿ. 1595ರ ಆರಂಭದಿಂದ ಅವರು ಚಿಕ್ಕ ಚಿಕ್ಕ ಹಾಳೆಗಳಲ್ಲಿ ಕಥೋಲಿಕ ವಿಶ್ವಾಸವನ್ನು ಸರಳವಾಗಿ ಬರೆದು, ಪ್ರತಿಗಳನ್ನು ಮಾಡಿಸಿ, ಗೋಡೆಗಳಿಗೆ ಅಂಟಿಸಿದರು, ಬಾಗಿಲ ಸಂದಿಯಲ್ಲಿ ತೂರಿಸಿದರು. ಹಗಲಿನಲ್ಲಿ ಅವರ ಮುಖ ನೋಡಲು ಅಂಜುತ್ತಿದ್ದವರು ರಾತ್ರಿ ದೀಪದ ಬೆಳಕಿನಲ್ಲಿ ಆ ಹಾಳೆಗಳನ್ನು ಓದಿದರು. ಈ ಹಾಳೆಗಳ ಕಾರಣದಿಂದಲೇ 1923ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್ ಅವರು ಫ್ರಾನ್ಸಿಸರನ್ನು ಪತ್ರಕರ್ತರ ಮತ್ತು ಬರಹಗಾರರ ಪಾಲಕ ಸಂತರೆಂದು ಸಾರಿದರು. ನಿಮ್ಮ ಕೈಯಲ್ಲಿರುವ ಇಂಥ ವಾರಪತ್ರಿಕೆಯೂ ಆ ಹಾಳೆಗಳ ವಂಶಕ್ಕೆ ಸೇರಿದ್ದೇ.

ಬರಹದಲ್ಲಿ ಅವರು ವಾದದಲ್ಲಿ ಬಿಗಿಯಾಗಿದ್ದರೂ ಎದುರಿನ ಮನುಷ್ಯನನ್ನು ಹಗೆಯಾಗಿ ಕಾಣಲಿಲ್ಲ. ಯಾರೂ ತಿರಸ್ಕೃತರ ಪಟ್ಟಿಯಲ್ಲಿ ಹುಟ್ಟಿಲ್ಲ ಎಂದು ನಂಬಿದವನಿಗೆ ಎದುರು ಬಂದ ಪ್ರತಿಯೊಬ್ಬನೂ ಕ್ರಿಸ್ತರು ಪ್ರಾಣಕೊಟ್ಟು ಕೊಂಡವನೇ ಅಲ್ಲವೇ? ಮೊದಲು ಒಬ್ಬ ವಕೀಲ, ಆಮೇಲೆ ಅವುಲ್ಲಿಯ ಪ್ರಭು, ಹೀಗೆ ಒಬ್ಬೊಬ್ಬರೇ ಬಂದರು. 1596ರ ಕ್ರಿಸ್ತಜಯಂತಿಯಂದು ತೊನೊಂ ಪಟ್ಟಣದ ಸಂತ ಹಿಪ್ಪೊಲಿತರ ದೇವಾಲಯದಲ್ಲಿ, ಎಷ್ಟೋ ವರ್ಷಗಳ ನಂತರ, ಬಲಿಪೂಜೆ ನಡೆಯಿತು.

1597ರಲ್ಲಿ ಜಗದ್ಗುರು ಎಂಟನೇ ಕ್ಲೆಮೆಂತರ ಅಪೇಕ್ಷೆಯಂತೆ ಅವರು ಜಿನೀವಾ ನಗರವನ್ನೇ ಹೊಕ್ಕು, ಕ್ಯಾಲ್ವಿನರ ಉತ್ತರಾಧಿಕಾರಿ ತಿಯೊದೋರ್ ಬೇಜಾ ಅವರನ್ನು ಕಂಡರು. ಬೇಜಾ ಅವರಿಗೆ ಆಗ ಎಂಬತ್ತರ ಸಮೀಪ. ಮೂವತ್ತರ ಗುರುವೂ ಆ ವೃದ್ಧ ಪಂಡಿತರೂ ಮನುಷ್ಯರಂತೆ ಕುಳಿತು ಮಾತಾಡಿದರು. ಕಥೋಲಿಕ ಧರ್ಮಸಭೆಯಲ್ಲಿದ್ದು ರಕ್ಷಣೆ ಹೊಂದಬಹುದೇ ಎಂದು ಫ್ರಾನ್ಸಿಸ್ ಕೇಳಿದರೆಂದೂ, ಬೇಜಾ ಬಹಳ ಹೊತ್ತು ಯೋಚಿಸಿ ಹೊಂದಬಹುದೆಂದು ಒಪ್ಪಿದರೆಂದೂ ನಮ್ಮ ಕಡೆಯ ಚರಿತ್ರೆಕಾರರು ಬರೆದಿದ್ದಾರೆ. ಬೇಜಾ ಮಾತ್ರ ತಮ್ಮ ಧರ್ಮ ಬಿಡಲಿಲ್ಲ, 1605ರಲ್ಲಿ ಅದರಲ್ಲೇ ತೀರಿಕೊಂಡರು. ಒಂದು ಕಾಲದಲ್ಲಿ ಈ ಭೇಟಿಯನ್ನು ಸೋಲು ಎಂದು ಎಣಿಸಿದವರುಂಟು. ನನಗೆ ಹಾಗೆ ತೋರುವುದಿಲ್ಲ.

ನೋವಿನ ಒಂದು ಪುಟ

ಸಂತರ ಚರಿತ್ರೆ ಹೇಳುವಾಗ ಮುಜುಗರದ ಪುಟಗಳನ್ನು ಹಾರಿಸಿಬಿಡುವುದು ನಮ್ಮ ಹಳೆಯ ಚಾಳಿ. ಅದು ಸರಿಯಲ್ಲ. 1598ರ ಶರತ್ಕಾಲದಲ್ಲಿ ತೊನೊಂ ಪಟ್ಟಣದಲ್ಲಿ ನಲವತ್ತು ಗಂಟೆಗಳ ಪರಮಪ್ರಸಾದ ಆರಾಧನೆ ನಡೆದು ಸಾವಿರಾರು ಜನ ಕಥೋಲಿಕ ಧರ್ಮಕ್ಕೆ ಮರಳಿದರು. ಅವರಲ್ಲಿ ಮನಸಾರೆ ಬಂದವರೂ ಇದ್ದರು, ಒತ್ತಾಯಕ್ಕೆ ಬಂದವರೂ ಇದ್ದರು. ಏಕೆಂದರೆ ಸ್ವತಃ ಬಂದು ನಿಂತಿದ್ದ ಡ್ಯೂಕ್ ಚಾರ್ಲ್ಸ್ ಇಮಾನ್ಯುಯೆಲ್ ಪ್ರಭು, ಒಪ್ಪದವರು ನಾಡು ಬಿಡಬೇಕೆಂದು ಆಜ್ಞೆ ಮಾಡಿದರು. ಫ್ರಾನ್ಸಿಸರೂ 1596ರಲ್ಲಿ ಟ್ಯೂರಿನ್‌ಗೆ ಹೋಗಿ ಪ್ರಭುವಿನ ಅಧಿಕಾರದ ನೆರವನ್ನು ಕೇಳಿದ್ದರು. ರಾಜನ ಧರ್ಮವೇ ಪ್ರಜೆಗಳ ಧರ್ಮ ಎಂದು ಎಲ್ಲ ಕಡೆಯವರೂ ನಂಬಿದ್ದ ಕಾಲವದು. ಜಿನೀವಾದಲ್ಲಿಯೂ ಬಲಿಪೂಜೆಗೆ ಅವಕಾಶವಿರಲಿಲ್ಲ. ಆದರೂ ಒತ್ತಾಯದಿಂದ ವಿಶ್ವಾಸ ಹುಟ್ಟದು ಎಂದು ನಾವಿಂದು ಬಲ್ಲೆವು. ಎರಡನೇ ವತಿಕಾನ್ ಮಹಾಸಭೆ 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ಇದನ್ನು ಬಿಚ್ಚಿ ಹೇಳಿತು. ಮನುಷ್ಯನ ಸ್ವಾತಂತ್ರ್ಯವನ್ನು ದೇವರೇ ಗೌರವಿಸುತ್ತಾರೆ ಎಂದು ಕ್ಯಾಲ್ವಿನರಿಗೆ ಉತ್ತರ ಕೊಟ್ಟ ನಾವು, ಅದೇ ಸ್ವಾತಂತ್ರ್ಯವನ್ನು ನಮ್ಮ ನೆರೆಯವನಿಗೆ ಕೊಡದಿದ್ದರೆ ನಮ್ಮ ಉತ್ತರಕ್ಕೆ ಬೆಲೆ ಎಲ್ಲಿದೆ?

ಕತ್ತಿಯ ದಾರಿ ಕೊನೆಗೂ ಫಲಿಸಲಿಲ್ಲ. 1602ರ ಡಿಸೆಂಬರ್ 8ರಂದು ಫ್ರಾನ್ಸಿಸ್ ತಮ್ಮ ಹುಟ್ಟೂರಿನ ದೇವಾಲಯದಲ್ಲಿ ಜಿನೀವಾದ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಅದಾಗಿ ಎರಡು ವಾರಕ್ಕೆ ಡ್ಯೂಕ್ ಪ್ರಭುವಿನ ಸೈನಿಕರು ನಡುರಾತ್ರಿ ಏಣಿ ಹಾಕಿ ಜಿನೀವಾದ ಕೋಟೆ ಹತ್ತಲು ಹೋಗಿ ಸೋತು ಓಡಿದರು. ಜಿನೀವಾದ ಜನರು ಇಂದಿಗೂ ಪ್ರತಿ ಡಿಸೆಂಬರಿನಲ್ಲಿ ಆ ರಾತ್ರಿಯನ್ನು ಹಬ್ಬವಾಗಿ ಆಚರಿಸುತ್ತಾರೆ. ಆ ನಗರದ ಧರ್ಮಾಧ್ಯಕ್ಷರೆನಿಸಿಕೊಂಡ ಫ್ರಾನ್ಸಿಸ್ ಇಪ್ಪತ್ತು ವರ್ಷ ಆನ್ಸಿಯಲ್ಲಿಯೇ ಇದ್ದು ಸೇವೆ ಮಾಡಬೇಕಾಯಿತು.

ಕಿವಿ ಕೇಳದ ಮಾರ್ಟಿನ್

ಆ ಇಪ್ಪತ್ತು ವರ್ಷಗಳ ಸೇವೆಯಲ್ಲಿ ನನಗೆ ಅತಿ ಪ್ರಿಯವಾದ ಪ್ರಸಂಗವೊಂದಿದೆ. 1605ರ ಸುಮಾರಿಗೆ ಲಾ ರೋಶ್ ಎಂಬ ಊರಿನಲ್ಲಿ ಅವರಿಗೆ ಮಾರ್ಟಿನ್ ಎಂಬ ಯುವಕ ಸಿಕ್ಕಿದ. ಹುಟ್ಟಿನಿಂದಲೇ ಕಿವಿ ಕೇಳದು, ಮಾತು ಬಾರದು. ವಿಶ್ವಾಸ ಹುಟ್ಟುವುದು ಕೇಳುವುದರಿಂದ ಎಂದು ಪೌಲರು ಹೇಳಿದ್ದಾರೆ. ಹಾಗಿದ್ದರೆ ಕೇಳಲಾರದವನ ಗತಿ ಏನು? ಅಂಥವರಿಗೆ ಧರ್ಮೋಪದೇಶ ಕಲಿಸಲಾಗದು, ಸಂಸ್ಕಾರ ಕೊಡಲಾಗದು ಎಂಬ ಭಾವನೆ ಆಗ ಹಲವರಲ್ಲಿತ್ತು. ಫ್ರಾನ್ಸಿಸ್ ಹಾಗೆ ಬಿಡಲಿಲ್ಲ. ಅವನನ್ನು ತಮ್ಮ ಮನೆಗೇ ಕರೆತಂದು ಕೆಲಸಕ್ಕಿಟ್ಟುಕೊಂಡು, ಕೈಸನ್ನೆಗಳನ್ನು ತಾವೇ ಹೂಡಿ, ಸ್ವಲ್ಪ ಸ್ವಲ್ಪವಾಗಿ ದೇವರ ವಿಷಯ ಕಲಿಸಿದರು. ಪಾಪನಿವೇದನೆ ಕೇಳಿದರು, ಪರಮಪ್ರಸಾದ ಕೊಟ್ಟರು. ಧರ್ಮಾಧ್ಯಕ್ಷರಿಗೆ ಬೇರೆ ಕೆಲಸವಿಲ್ಲವೇ ಎಂದು ಕೇಳಿದವರೂ ಇದ್ದಿರಬಹುದು. ಆದರೆ ಎಲ್ಲರೂ ರಕ್ಷಣೆ ಹೊಂದಬೇಕೆಂಬುದು ದೇವರ ಇಚ್ಛೆ ಎಂದು ನಂಬಿದ ಮೇಲೆ, ಎಲ್ಲರೂ ಎಂಬ ಆ ಮಾತಿನೊಳಗೆ ಮಾರ್ಟಿನನೂ ಇರಲೇಬೇಕು. ಕಿವುಡರಿಗೆ ಫ್ರಾನ್ಸಿಸರೇ ಪಾಲಕ ಸಂತ.

1604ರಲ್ಲಿ ದಿಜೋನಿನಲ್ಲಿ ತಪಸ್ಸುಕಾಲದ ಪ್ರಬೋಧನೆ ಮಾಡುವಾಗ ಜೇನ್ ದ ಶಾಂತಾಲ್ ಎಂಬ ವಿಧವೆಯ ಪರಿಚಯವಾಯಿತು. ನಾಲ್ಕು ಮಕ್ಕಳ ಆ ತಾಯಿಯೂ ವಿಶ್ವಾಸದ ಸಂದೇಹಗಳಿಂದ ನರಳುತ್ತಿದ್ದವರು. ಫ್ರಾನ್ಸಿಸ್ ಆಕೆಗೆ ತಮ್ಮ ಪ್ಯಾರಿಸ್ಸಿನ ಕತ್ತಲೆಯ ಕಥೆಯನ್ನು ಹೇಳಿ ಧೈರ್ಯ ತುಂಬಿದರು. ಮುಂದೆ ಅವರ ಸಂತಪದವಿಯ ವಿಚಾರಣೆಯಲ್ಲಿ ಆಕೆ ಅದನ್ನು ಸಾಕ್ಷಿ ನುಡಿದರು. ನೋಡಿದಿರಾ, ನಾವು ದಾಟಿಬಂದ ಕತ್ತಲೆ ಇನ್ನೊಬ್ಬರಿಗೆ ದೀಪವಾಗುತ್ತದೆ. ಇವರಿಬ್ಬರೂ ಸೇರಿ 1610ರಲ್ಲಿ ಆನ್ಸಿಯಲ್ಲಿ ಮರಿಯಮ್ಮನ ಭೇಟಿಯ ಹೆಸರಿನ ಕನ್ಯಾಸ್ತ್ರೀಯರ ಸಭೆಯನ್ನು ಆರಂಭಿಸಿದರು. ಕಠಿಣ ತಪಸ್ಸು ಮಾಡಲಾರದ ವಯಸ್ಸಾದವರಿಗೂ ಅಶಕ್ತರಿಗೂ ಅದರಲ್ಲಿ ಸ್ಥಳವಿತ್ತು.

1609ರಲ್ಲಿ ಬಂದ ಅವರ ಭಕ್ತಿಜೀವನ ಪ್ರವೇಶಿಕೆ ಎಂಬ ಪುಸ್ತಕ, ಸಂತರಾಗಲು ಮಠಕ್ಕೆ ಸೇರಬೇಕಿಲ್ಲ, ಅಡುಗೆಮನೆಯಲ್ಲಿಯೂ ಅಂಗಡಿಯಲ್ಲಿಯೂ ಪಾಳೆಯದಲ್ಲಿಯೂ ಸಂತರಾಗಬಹುದು ಎಂದು ಕುಟುಂಬಸ್ಥರಿಗೆ ಕಲಿಸಿತು. 1616ರಲ್ಲಿ ಬಂದ ದೇವಪ್ರೇಮದ ಗ್ರಂಥದಲ್ಲಿ, ಹತ್ತೊಂಬತ್ತರ ವಯಸ್ಸಿನ ಪ್ರಶ್ನೆಗೆ ನಲವತ್ತೊಂಬತ್ತರ ಧರ್ಮಾಧ್ಯಕ್ಷ ನಿರಾಳವಾಗಿ ಉತ್ತರ ಬರೆದರು. ದೇವರು ನಿಜವಾಗಿಯೂ ಎಲ್ಲರ ರಕ್ಷಣೆಯನ್ನು ಬಯಸುತ್ತಾರೆ, ಅದಕ್ಕೆ ಬೇಕಾದಷ್ಟು ಕೃಪೆಯನ್ನು ಎಲ್ಲರಿಗೂ ಕೊಡುತ್ತಾರೆ, ನಾವು ಒಪ್ಪಿಕೊಳ್ಳುವುದನ್ನು ಕಾಯುತ್ತಾರೆ ಎಂಬುದೇ ಆ ಉತ್ತರ. ಅದಾಗಿ ಎರಡೇ ವರ್ಷಕ್ಕೆ, 1618ರಲ್ಲಿ, ಹಾಲೆಂಡಿನ ಡಾರ್ಟ್ ಪಟ್ಟಣದಲ್ಲಿ ಕ್ಯಾಲ್ವಿನ್ ಪಂಥದವರ ಮಹಾಸಭೆ ಸೇರಿ, ದೇವರ ಆಯ್ಕೆಗೆ ಮನುಷ್ಯನ ಯಾವ ಷರತ್ತೂ ಇಲ್ಲವೆಂಬ ತಮ್ಮ ಬೋಧನೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಒಂದೇ ಪ್ರಶ್ನೆ, ಎರಡು ಉತ್ತರ.

1622ರ ಡಿಸೆಂಬರ್ 28ರಂದು ಲಿಯೋಂ ನಗರದ ಕನ್ಯಾಮಠದ ತೋಟಗಾರನ ಕೋಣೆಯಲ್ಲಿ ಫ್ರಾನ್ಸಿಸ್ ಕಣ್ಣು ಮುಚ್ಚಿದರು. ಆಗ ಅವರಿಗೆ ಐವತ್ತೈದು ವರ್ಷ. 1665ರಲ್ಲಿ ಸಂತಪದವಿ, 1877ರಲ್ಲಿ ಧರ್ಮಸಭೆಯ ಪಂಡಿತರೆಂಬ ಪದವಿ ಸಂದಿತು. ಅವರ ಹಬ್ಬ ಜನವರಿ 24. ದಾನ್ ಬೋಸ್ಕೊ ಅವರು ತಮ್ಮ ಸಭೆಗೆ ಸಲೇಸಿಯನ್ನರು ಎಂದು ಹೆಸರಿಟ್ಟದ್ದು ಇವರ ಸೌಮ್ಯ ಗುಣಕ್ಕೆ ಮಾರುಹೋಗಿ. 1838ರಲ್ಲಿ ಆನ್ಸಿಯಲ್ಲಿಯೇ ಹುಟ್ಟಿದ, ಇವರ ಹೆಸರಿನದೇ ಇನ್ನೊಂದು ಸಭೆಯ ಗುರುಗಳು 1840ರ ದಶಕದಲ್ಲಿ ವಿಶಾಖಪಟ್ಟಣಕ್ಕೆ ಬಂದಿಳಿದರು.

ನಿಮಗೊಂದು ಮಾತು

ಪ್ರಿಯ ಓದುಗರೇ, ಕ್ಯಾಲ್ವಿನರ ವಂಶಸ್ಥರೊಡನೆ ನಮ್ಮ ಜಗಳ ಈಗ ಹಿಂದಿನಂತಿಲ್ಲ. ನಾವು ನೀತಿವಂತರೆನಿಸುವುದು ದೇವರ ಕೃಪೆಯಿಂದಲೇ ಎಂದು 1999ರಲ್ಲಿ ಕಥೋಲಿಕರೂ ಲೂಥರನ್ನರೂ ಸಹಿಹಾಕಿದ ಜಂಟಿ ಘೋಷಣೆಗೆ, 2017ರಲ್ಲಿ ವಿಟೆನ್‌ಬರ್ಗಿನಲ್ಲಿ ಕ್ಯಾಲ್ವಿನ್ ಪರಂಪರೆಯ ಸಭೆಗಳ ವಿಶ್ವಒಕ್ಕೂಟವೂ ಸೇರಿಕೊಂಡಿತು. ಭಿನ್ನಾಭಿಪ್ರಾಯ ಎಲ್ಲವೂ ಮುಗಿದಿಲ್ಲ. ಆದರೆ ಬೇಜಾ ಮತ್ತು ಫ್ರಾನ್ಸಿಸ್ ಎದುರುಬದುರು ಕುಳಿತ ಆ ದಿನ ವ್ಯರ್ಥವಾಗಲಿಲ್ಲ.

ಇನ್ನು ನಿಮ್ಮ ಮನೆಯ ಮಾತು. 1992ರಲ್ಲಿ ಪ್ರಕಟವಾದ ನಮ್ಮ ಧರ್ಮೋಪದೇಶ ಗ್ರಂಥದ 1037ನೇ ಪರಿಚ್ಛೇದ, ದೇವರು ಯಾರನ್ನೂ ನರಕಕ್ಕೆ ಹೋಗಲೆಂದು ಮೊದಲೇ ನೇಮಿಸಿಲ್ಲವೆಂದು ಸ್ಪಷ್ಟವಾಗಿ ಕಲಿಸುತ್ತದೆ. ಆದ್ದರಿಂದ ಹಾದಿ ತಪ್ಪಿದ ಮಗನನ್ನು ನೋಡಿ ಅವನ ಹಣೆಬರಹವೇ ಇಷ್ಟು ಎಂದು ಕೈಚೆಲ್ಲಬೇಡಿ. ದೇವರು ಬರೆಯದ ಬರಹವನ್ನು 'ನಾವು' ಅವನ ಹಣೆಯ ಮೇಲೆ ಬರೆಯುವುದು ಬೇಡ. ಆ ಹಣೆಯ ಮೇಲೆ ದೀಕ್ಷಾಸ್ನಾನದ ದಿನ ಎಳೆದದ್ದು ಶಿಲುಬೆಯ ಗುರುತು, ಅದೊಂದೇ ಅವನ ಹಣೆಬರಹ.

ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರು ದೇವರು ನನ್ನನ್ನು ಸೇರಿಸಿಕೊಳ್ಳುತ್ತಾರೋ ಎಂದು ಅಂಜುತ್ತಿದ್ದರೆ, ವಾದ ಮಾಡಲು ಹೋಗಬೇಡಿ. ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಳ್ಳಿ. ಪ್ಯಾರಿಸ್ಸಿನ ಆ ಹುಡುಗ ಹೇಳಿದ ಪ್ರಾರ್ಥನೆಯನ್ನು ಅವರೊಡನೆ ಹೇಳಿ. ಇವತ್ತು ದೇವರನ್ನು ಪ್ರೀತಿಸೋಣ ಅಜ್ಜಿ, ನಾಳೆಯದನ್ನು ಅವರೇ ನೋಡಿಕೊಳ್ಳುತ್ತಾರೆ ಎಂದು ತಿಳಿಸಿ. ಆರು ವಾರಗಳ ಕತ್ತಲೆಯಲ್ಲಿ ಫ್ರಾನ್ಸಿಸರಿಗೆ ದೊರೆತ ಬೆಳಕು ಇಷ್ಟೇ. ಅವರ ಬಾಳಿಗೆ ಅದು ಸಾಕಾಯಿತು. ನಮಗೂ ಸಾಕು.